ಅರವತ್ತು ಗ್ರಾಮಿನ ಊಟ ಮತ್ತು ಇಟಲಿಯ ಇನ್ಸ್‌ಪೆಕ್ಟರ್

ಮಾರ್ಚ್ 1, ಸೋಮವಾರ

ತಿಂದದ್ದನ್ನೆಲ್ಲ ಬರೆದಿಡಿ ಎಂದು ಡಾಕ್ಟರು ಈ ನೋಟ್‌ಬುಕ್ ಕೊಟ್ಟಿದ್ದಾರೆ. ತಿಂದದ್ದಕ್ಕೆ ಒಂದು ಸಾಲು ಸಾಕು. ಉಳಿದ ಜಾಗದಲ್ಲಿ ತಿನ್ನಲಾಗದೆ ಹೋದದ್ದನ್ನು ಬರೆಯುತ್ತೇನೆ. ಡಾಕ್ಟರಿಗೆ ತೋರಿಸಲು ಬೇರೆಯದೊಂದು ಇಟ್ಟರಾಯಿತು.

ಬೆಳಿಗ್ಗೆ ಓಟ್ಸ್ ಗಂಜಿ, ಒಂದು ಬಟ್ಟಲು. ಮಧ್ಯಾಹ್ನ ಬ್ರೆಡ್ ಅರವತ್ತು ಗ್ರಾಂ, ಬೇಯಿಸಿದ ತರಕಾರಿ ಇನ್ನೂರು ಗ್ರಾಂ. ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಹೇಳುತ್ತಾಳೆ. ನನ್ನ ನಾಲಿಗೆ ಒಪ್ಪುತ್ತಿಲ್ಲ.

ಎದೆಯ ರಕ್ತನಾಳದೊಳಗೆ ಸ್ಪ್ರಿಂಗಿನಂಥದ್ದೊಂದನ್ನು ತೂರಿಸಿಕೊಂಡು ಇವತ್ತಿಗೆ ಹದಿನೆಂಟು ದಿನ. ಇನ್ನೂ ಎರಡು ತಿಂಗಳು ರಜೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿ ದುಡಿದವನು ನಾನು. ಮಾರುಕಟ್ಟೆಗೆ ಕಾಲಿಟ್ಟರೆ ಸಾಕು, ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು. ಈಗ ಹೆಂಡತಿ ಅಡುಗೆಮನೆಯ ಪ್ಲಾಸ್ಟಿಕ್ ತಕ್ಕಡಿಯಲ್ಲಿ ನನ್ನ ಊಟ ತೂಗುತ್ತಾಳೆ, ನಾನು ಕೈ ಕಟ್ಟಿಕೊಂಡು ನೋಡುತ್ತೇನೆ.

ಇವತ್ತು ಮಧ್ಯಾಹ್ನ ಮಹಡಿಯಲ್ಲಿರುವ ಭಾವಮೈದುನ ಊಟಕ್ಕೆ ಬಂದ. ಹೆಂಡತಿಯ ತಮ್ಮ, ಮದುವೆಯಿಲ್ಲ, ಬೀದಿ ತುದಿಯಲ್ಲಿ ಬೀಗ ರಿಪೇರಿ ಅಂಗಡಿ. ನನ್ನ ಎದುರಿಗೇ ಕೂತು ಬ್ರೆಡ್ಡಿಗೆ ಬೆಣ್ಣೆ ಬಳಿದ. ಬಳಿದದ್ದಕ್ಕೆ ಸಿಟ್ಟಿಲ್ಲ, ಮೂಲೆ ಮೂಲೆಗೂ ಬಳಿದ. ನಾನು ತಟ್ಟೆ ಕುಕ್ಕಿ, ಇನ್ನು ಮುಂದೆ ಈ ಮನೆಯಲ್ಲಿ ನನ್ನ ಕಣ್ಣೆದುರು ಯಾರೂ ಬೆಣ್ಣೆ, ಚೀಸು ಮುಟ್ಟಕೂಡದು ಎಂದು ಕೂಗಿದೆ. ಅವನು ತಟ್ಟೆ ಎತ್ತಿಕೊಂಡು ಮಹಡಿ ಹತ್ತಿದ.

ಮಗಳು ಸಂಜೆ ಬಂದು ವಿಚಾರಣೆ ನಡೆಸಿದಳು. ಅವಳು ಶಾಲೆಯಲ್ಲಿ ಆಟದ ಟೀಚರು. ಕೊರಳಲ್ಲಿ ಸೀಟಿ ಇಲ್ಲದಾಗಲೂ ಇದ್ದಂತೆಯೇ ಮಾತನಾಡುತ್ತಾಳೆ. ಬೆಣ್ಣೆ, ಚೀಸು, ಗೋಡಂಬಿ, ಬಿಸ್ಕತ್ತು ಎಲ್ಲ ಒಂದು ಕಪಾಟಿಗೆ ಹೋಗಬೇಕು, ಅದಕ್ಕೆ ಬೀಗ ಬೀಳಬೇಕು ಎಂದಳು. ಬೀಗ ಹಾಕಿದವನು ಭಾವಮೈದುನ. ಕೀ ಹೆಂಡತಿಯ ಪರ್ಸಿನಲ್ಲಿ. ಅದೇ ಹೊತ್ತಿಗೆ ಹೆಂಡತಿ, ನಾಳೆಯಿಂದ ನಾನೂ ಇವರು ತಿನ್ನುವುದನ್ನೇ ತಿನ್ನುತ್ತೇನೆ, ಆಗಲಾದರೂ ಗಲಾಟೆ ನಿಲ್ಲುತ್ತದೆ ಎಂದಳು. ಮಗಳು ಅವಳ ಬೆನ್ನು ತಟ್ಟಿದಳು. ನನಗೂ ಅದು ಸರಿ ಎನಿಸಿತು.

ಮಾರ್ಚ್ 4, ಗುರುವಾರ

ಡಾಕ್ಟರು ದಿನಾ ಸಂಜೆ ನಾಲ್ಕಕ್ಕೆ ಅರ್ಧ ಗಂಟೆ ನಡೆಯಲು ಹೇಳಿದ್ದಾರೆ. ನಡೆದರೆ ಎಲ್ಲಿಗಾದರೂ ಹೋಗಬೇಕಲ್ಲ. ಲೈಬ್ರರಿಗೆ ಹೋದೆ. ಕೊನೆಯ ಬಾರಿ ನಾನು ಅಲ್ಲಿಗೆ ಹೋದದ್ದು ಅವರ ರದ್ದಿ ತೂಗಿದವನ ತಕ್ಕಡಿ ಹಿಡಿಯಲು.

ಲೈಬ್ರರಿಯಮ್ಮ ನನ್ನನ್ನು ನೋಡಿ ಮೊದಲು ಹೆದರಿದರು. ಹೃದಯದ ಪೇಷಂಟು ಎಂದ ಮೇಲೆ ಮೆತ್ತಗಾದರು. ಪತ್ತೇದಾರಿ ಕಾದಂಬರಿ ಓದಬಹುದೇ ಎಂದು ಕೇಳಿದೆ. ಗುಂಡು, ಓಟ, ಬೆನ್ನಟ್ಟುವುದು ಎಲ್ಲ ನಿಮಗೆ ಬೇಡ, ಇಟಲಿಯದ್ದು ಕೊಡುತ್ತೇನೆ, ಅಲ್ಲಿ ಯಾರೂ ಓಡುವುದಿಲ್ಲ ಎಂದು ಒಂದು ಅನುವಾದ ಕೊಟ್ಟರು. ಇದೇ ಇನ್ಸ್‌ಪೆಕ್ಟರಿನದು ಇನ್ನೂ ಒಂಬತ್ತು ಪುಸ್ತಕ ಇವೆಯಂತೆ.

ಮೂರನೇ ಪುಟದಲ್ಲಿ ಹೆಣ ಬಿತ್ತು. ಹನ್ನೊಂದನೇ ಪುಟದಲ್ಲಿ ಇನ್ಸ್‌ಪೆಕ್ಟರ್ ಊಟಕ್ಕೆ ಮನೆಗೆ ಹೋದ. ಹದಿನೆಂಟನೇ ಪುಟವಾದರೂ ಅವನು ಎದ್ದಿಲ್ಲ.

ಮಾರ್ಚ್ 6, ಶನಿವಾರ

ಮೊದಲ ಪುಸ್ತಕ ಮುಗಿಸಿ ಎರಡನೆಯದು ತಂದೆ. ಕೊಂದವರು ಯಾರು ಎಂದು ಕೇಳಿದರೆ ನೆನಪಿಸಿಕೊಳ್ಳಬೇಕು. ತಿಂದದ್ದು ಏನು ಎಂದು ಕೇಳಿದರೆ ಪುಟದ ಸಂಖ್ಯೆ ಸಮೇತ ಹೇಳುತ್ತೇನೆ.

ಈ ಇಟಲಿಯವನ ಹೆಂಡತಿ ಹಡಗಿನ ಡಾಕ್ಟರನೊಬ್ಬನ ಜೊತೆ ಓಡಿಹೋಗಿದ್ದಾಳೆ. ಆದರೆ ಅತ್ತೆ ಹೋಗಿಲ್ಲ, ಅಳಿಯನ ಮನೆಯಲ್ಲೇ ಉಳಿದು ಅಡುಗೆ ಮಾಡಿ ಹಾಕುತ್ತಾಳೆ. ಆಲಿವ್ ಎಣ್ಣೆಗೆ ಬೆಳ್ಳುಳ್ಳಿ ಬೀಳುವ ಸದ್ದು ನನ್ನ ಕೋಣೆಯವರೆಗೆ ಕೇಳುತ್ತದೆ. ಅವನು ಪಾಸ್ತಾ ತಿನ್ನುತ್ತಾನೆ, ಆಮೇಲೆ ಮೀನು, ಆಮೇಲೆ ಚೀಸು, ಆಮೇಲೆ ಒಂದು ಕಿತ್ತಳೆ ಸುಲಿಯುತ್ತ ಕೊಲೆಯ ಬಗ್ಗೆ ಯೋಚಿಸುತ್ತಾನೆ. ಅವನ ಬಟ್ಟಲು ಖಾಲಿಯಾಗುವ ಹೊತ್ತಿಗೆ ನನಗೂ ಹೊಟ್ಟೆ ತುಂಬಿದಂತಾಗುತ್ತದೆ. ಊಟದ ಪುಟಗಳಿಗೆಲ್ಲ ಚೀಟಿ ಇಟ್ಟಿದ್ದೆ. ಲೈಬ್ರರಿಯಮ್ಮ ಇವು ಏನು ಎಂದು ಕೇಳಿದರು. ಸುಳಿವುಗಳು ಎಂದೆ.

ಊಟವೊಂದೇ ಅಲ್ಲ. ಬೇರೆ ಪತ್ತೇದಾರಿಗಳಲ್ಲಿ ಕೊನೆಗೆ ಕಳ್ಳನ ಕೈಗೆ ಕೋಳ ಬೀಳುತ್ತದೆ, ಲೋಕ ನೆಟ್ಟಗಾಗುತ್ತದೆ. ಇಲ್ಲಿ ಕೊಲೆಗಾರ ಯಾರೆಂದು ಗೊತ್ತಾದ ದಿನವೇ ಮೇಲಿನವರಿಂದ ಫೋನು ಬರುತ್ತದೆ, ಫೈಲು ಮುಚ್ಚು ಎಂದು. ನಾನು ಇಲಾಖೆಯಲ್ಲಿ ಕೂದಲು ಉದುರಿಸಿಕೊಂಡವನು, ಇದನ್ನು ನನಗೆ ಯಾರೂ ವಿವರಿಸಬೇಕಿಲ್ಲ. ಒಮ್ಮೆ ದೊಡ್ಡ ವ್ಯಾಪಾರಿಯೊಬ್ಬನ ಹನ್ನೆರಡು ತಕ್ಕಡಿ ಜಪ್ತಿ ಮಾಡಿದ್ದೆ. ಸಂಜೆಯೊಳಗೆ ಹನ್ನೆರಡೂ ವಾಪಸ್ಸು ಹೋದವು, ಮರುದಿನ ನನಗೆ ಬಿಸಿಲಿನ ಊರಿಗೆ ವರ್ಗ. ಇಟಲಿಯವನಿಗೂ ಹಾಗೇ ಆಗುತ್ತದೆ. ಆದರೆ ಅವನು ಮನೆಗೆ ಬಂದು ಅತ್ತೆಯ ಕೈಯಡುಗೆ ಉಣ್ಣುತ್ತಾನೆ. ನಾನು ಮನೆಗೆ ಬಂದು ಎಲ್ಲರ ಮೇಲೆ ರೇಗುತ್ತಿದ್ದೆ. ವ್ಯತ್ಯಾಸ ಅತ್ತೆಯ ಅಡುಗೆಯದ್ದಿರಬೇಕು.

ಪುಸ್ತಕದಿಂದ ಹುಮ್ಮಸ್ಸು ಬಂದು ಅಡುಗೆಮನೆಯ ತಕ್ಕಡಿಯನ್ನು ನನ್ನ ಹಿತ್ತಾಳೆಯ ತೂಕದ ಬೊಟ್ಟುಗಳಿಂದ ಪರೀಕ್ಷಿಸಿದೆ. ಅರವತ್ತು ತೋರಿಸಿದಾಗ ಇರುವುದು ಐವತ್ತನಾಲ್ಕು. ಊಟಕ್ಕೆ ಆರು ಗ್ರಾಂ ಮೋಸ, ನನ್ನದೇ ಮನೆಯಲ್ಲಿ. ಹೆಂಡತಿಯನ್ನು ಕರೆದು ತೂಗಿಸಿದೆ. ಆಗ ಕಂಡಿತು, ಅವಳು ತೂಗಿ ತಟ್ಟೆಗೆ ಹಾಕಿದ ಮೇಲೆ ಅಭ್ಯಾಸಬಲದಿಂದ ಇನ್ನೊಂದು ತುಂಡು ಮುರಿದು ಸೇರಿಸುತ್ತಾಳೆ. ಕೊಸರು. ಇಡೀ ವೃತ್ತಿಜೀವನದಲ್ಲಿ ನಾನು ಹೋರಾಡಿದ್ದೇ ಈ ಕೊಸರಿನ ವಿರುದ್ಧ. ಅಂಗಡಿಯವನು ತೂಕದಲ್ಲಿ ನೂರು ಗ್ರಾಂ ಹೊಡೆದು, ಮೇಲೆ ಒಂದು ಹಿಡಿ ಕೊಸರು ಹಾಕುತ್ತಾನೆ. ಗಿರಾಕಿ ಹಲ್ಲು ಕಿರಿದುಕೊಂಡು ಹೋಗುತ್ತಾನೆ. ಕೊಸರು ಎಂದರೆ ಕಳ್ಳತನಕ್ಕೆ ಸವರಿದ ಜೇನು ಎಂದು ಅವಳಿಗೆ ಅರ್ಧ ಗಂಟೆ ತಿಳಿಹೇಳಿದೆ.

"ಕೊಸರು ಹಾಕ್ದೆ ಕೊಟ್ರೆ ಕೊಟ್ಟ ಹಾಗೇ ಅನ್ಸಲ್ಲ ರೀ," ಎಂದಳು.

ತಕ್ಕಡಿ ಸರಿಮಾಡಿದೆ, ಕೊಸರು ನಿಷೇಧಿಸಿದೆ. ಆಮೇಲೆ ಲೆಕ್ಕ ಹಾಕಿದರೆ, ಮೊದಲು ಐವತ್ತನಾಲ್ಕರ ಮೇಲೆ ಸುಮಾರು ಹತ್ತು ಗ್ರಾಂ ಕೊಸರು ಬರುತ್ತಿತ್ತು. ಈಗ ಸರಿಯಾಗಿ ಅರವತ್ತು. ನ್ಯಾಯ ಗೆದ್ದು ನಾನು ನಾಲ್ಕು ಗ್ರಾಂ ಸೋತೆ.

ಮಾರ್ಚ್ 14, ಭಾನುವಾರ

ಅನ್ಯಾಯ.

ಮಗಳು ಕಪಾಟು ತೆಗೆಸಿ ನೋಡಿದಳು. ಕಾಲು ಕೆ.ಜಿ. ಚೀಸಿನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿದೆ. ಗೋಡಂಬಿ ಡಬ್ಬದ ತಳ ಕಾಣುತ್ತಿದೆ. ಮೂವರನ್ನೂ ಸಾಲಾಗಿ ನಿಲ್ಲಿಸಿದಳು. ಭಾವಮೈದುನ ತನ್ನ ಬೆಣ್ಣೆಯನ್ನು ಈಗ ಅಂಗಡಿಯಲ್ಲೇ ಇಟ್ಟುಕೊಂಡಿದ್ದೇನೆ ಎಂದ. ಹೆಂಡತಿ ಒಣಗಿದ ತಟ್ಟೆಯೊಂದನ್ನು ಒರೆಸುತ್ತ ನನಗೇನು ಗೊತ್ತು ಎಂದಳು. ಮಗಳು ನನ್ನ ಕಡೆ ತಿರುಗಿದಳು. ನೀವು ಹತ್ತು ದಿನದಿಂದ ಮಂಚದ ಮೇಲೆ ಒಬ್ಬರೇ ತುಟಿ ಚಪ್ಪರಿಸುತ್ತ ಮಲಗಿರುತ್ತೀರಂತೆ, ಮುಖದಲ್ಲಿ ಕಳೆ ಬೇರೆ ಬಂದಿದೆ, ಎಲ್ಲಿಂದ ಬಂತು ಎಂದು ಕೇಳಿದಳು.

ಕಾದಂಬರಿಯಿಂದ ಎಂದೆ. ಯಾರೂ ನಂಬಲಿಲ್ಲ.

ಮತ್ತೊಮ್ಮೆ ಹೀಗಾದರೆ ನನ್ನನ್ನು ಅವಳ ಮನೆಗೆ ಒಯ್ಯುತ್ತಾಳಂತೆ, ಮೂರು ತಿಂಗಳು. ಅವಳದು ಐದನೇ ಮಹಡಿ, ಲಿಫ್ಟ್ ಕೆಟ್ಟು ವರ್ಷವಾಯಿತು. ಅಳಿಯ ಬೆಳಿಗ್ಗೆ ಸೋರೆಕಾಯಿ ರಸ ಕುಡಿದು ಅದರ ಗುಣ ಹೇಳುತ್ತಾನೆ. ಹತ್ತಿರದಲ್ಲಿ ಲೈಬ್ರರಿ ಇಲ್ಲ. ಮೂವತ್ತೊಂದು ವರ್ಷ ಒಬ್ಬನ ಬಳಿಯೂ ಒಂದು ಲೋಟ ಟೀ ಮುಟ್ಟದ ನನ್ನ ಮೇಲೆ ಚೀಸಿನ ಕಳ್ಳತನದ ಆರೋಪ. ಕಳ್ಳನನ್ನು ಹಿಡಿಯದೆ ಬಿಡುವುದಿಲ್ಲ.

ಮಾರ್ಚ್ 15, ಸೋಮವಾರ

ತನಿಖೆ ಆರಂಭ.

ಮೂರನೇ ಪುಸ್ತಕದಲ್ಲಿ ಬೇಕರಿಯೊಂದರಿಂದ ದಿನಾ ಬ್ರೆಡ್ ಕಾಣೆಯಾಗುತ್ತದೆ. ಇಟಲಿಯವನು ತಲೆ ಕೆಡಿಸಿಕೊಂಡಿರುವಾಗ ಅತ್ತೆ ತಟ್ಟೆ ಮುಂದಿಟ್ಟು ಹೇಳುತ್ತಾಳೆ, ಕದ್ದದ್ದು ಯಾರು ಎಂದು ಯಾಕೆ ಹುಡುಕುತ್ತೀಯ, ಹಸಿದಿರುವುದು ಯಾರು ಎಂದು ನೋಡು. ಎಂಥ ಬುದ್ಧಿ. ಈ ಮನೆಯಲ್ಲಿ ಸದಾ ಹಸಿದಿರುವವನು ಒಬ್ಬನೇ, ಭಾವಮೈದುನ. ಅದೂ ಅಲ್ಲದೆ ಯಾವ ಬೀಗವನ್ನಾದರೂ ಕಣ್ಣು ಮುಚ್ಚಿ ತೆಗೆಯಬಲ್ಲವನು. ಹೆಂಡತಿಯನ್ನು ಪಟ್ಟಿಯಿಂದ ಮೊದಲೇ ತೆಗೆದೆ. ಕೀ ಕೈಯಲ್ಲಿರುವವಳಿಗೆ ಕದಿಯುವ ಅಗತ್ಯವೇನು?

ಇನ್ನು ಮೇಲೆ ದಿನಾ ಬೆಳಿಗ್ಗೆ ಮತ್ತು ಸಂಜೆ ಚೀಸಿನ ಅಧಿಕೃತ ತೂಕ. ಬೆಳಿಗ್ಗೆ ಹೆಂಡತಿಯಿಂದ ಕಪಾಟು ತೆಗೆಸಿ ತೂಗಿದೆ: ನೂರ ಹನ್ನೆರಡು ಗ್ರಾಂ. ಬೀಗ ತೆಗೆಯುವಾಗ ಅವಳು ಎರಡು ಸಲ ಕೀ ಕೆಳಗೆ ಬೀಳಿಸಿದಳು. ನನ್ನ ಶಿಸ್ತು ಕಂಡು ಇರಬೇಕು.

ಸಂಜೆ ತೂಗಿದೆ: ನೂರ ಒಂಬತ್ತು. ಮೂರು ಗ್ರಾಂ ಮಾಯ.

ಮಾರ್ಚ್ 16, ಮಂಗಳವಾರ

ಭಾವಮೈದುನನ ಅಂಗಡಿಗೇ ಹೋಗಿ, ಗಿರಾಕಿಗಳ ಎದುರು ಮೂರು ಗ್ರಾಮಿನ ಲೆಕ್ಕ ಕೇಳಿದೆ. ಅವನು ಕೀ ಉಜ್ಜುತ್ತಿದ್ದ ಅರ ಪಕ್ಕಕ್ಕಿಟ್ಟು, "ಭಾವ, ಚೀಸು ಒಣಗಲ್ವಾ?" ಎಂದ.

ಒಣಗುತ್ತದೆ. ಒಣಗುವ ವಸ್ತುವಿನ ತೂಕ ಇಳಿಯುತ್ತದೆ ಎಂಬುದು ಇಲಾಖೆಯ ತರಬೇತಿಯ ಮೊದಲ ವಾರದ ಪಾಠ. ಹೊಸಬರಿಗೆ ನಾನೇ ಕಲಿಸಿದ್ದೇನೆ.

ಇವತ್ತು ಹೆಚ್ಚು ಬರೆಯುವುದಿಲ್ಲ.

ಮಾರ್ಚ್ 19, ಶುಕ್ರವಾರ

ಸೋತು ಕೂರುವವನು ನಾನಲ್ಲ. ತಿಂದವರ ಮೈಯಲ್ಲಿ ತಿಂದದ್ದು ಕಾಣಲೇಬೇಕು. ಆಫೀಸಿನ ಜವಾನನ ಕೈಯಲ್ಲಿ ಮನುಷ್ಯರನ್ನು ತೂಗುವ ಯಂತ್ರ ತರಿಸಿದೆ. ಹೆಂಡತಿ ಮತ್ತು ಭಾವಮೈದುನ ಹೋದ ವರ್ಷ ವಿಮೆಗಾಗಿ ಮಾಡಿಸಿದ ಆರೋಗ್ಯ ತಪಾಸಣೆಯ ಕಾಗದಗಳನ್ನು ಹುಡುಕಿ ಪಕ್ಕದಲ್ಲಿಟ್ಟುಕೊಂಡೆ.

ಭಾವಮೈದುನ: ಅಂದು ಎಂಬತ್ತೊಂದು, ಇಂದು ಎಂಬತ್ತೊಂದು. ಕದ್ದು ತಿಂದವನಂತೆಯೂ ಇಲ್ಲ, ತಿನ್ನದವನಂತೆಯೂ ಇಲ್ಲ.

ಹೆಂಡತಿ ಹತ್ತಲು ಒಪ್ಪಲಿಲ್ಲ, ಒಲೆಯ ಮೇಲೆ ಹಾಲಿದೆ ಎಂದಳು. ಹಾಲು ಇಳಿಸಿ ಬಾ ಎಂದೆ. ಅಂದು ಐವತ್ತೆಂಟು, ಇಂದು ಐವತ್ತಮೂರು.

ಐದು ಕೆ.ಜಿ. ಮನುಷ್ಯರ ತೂಕ ಸುಮ್ಮನೆ ಐದು ಕೆ.ಜಿ. ಇಳಿಯುವುದಿಲ್ಲ. ಯಂತ್ರ ಕೆಟ್ಟಿದೆ. ಅವಳೂ ತಕ್ಷಣ ಹೌದು ರೀ, ಯಂತ್ರವೇ ಸರಿಯಿಲ್ಲ ಎಂದಳು. ಅದಕ್ಕೆ ಕೆಂಪು ಚೀಟಿ ಅಂಟಿಸಿ, ಬಳಸಬಾರದು ಎಂದು ಬರೆದು, ಸಹಿ ಹಾಕಿ ಪರೀಕ್ಷೆಗೆ ಆಫೀಸಿಗೆ ವಾಪಸ್ಸು ಕಳಿಸಿದೆ. ನಾನು ರಜೆಯಲ್ಲಿದ್ದರೆ ಇಲಾಖೆ ಹೀಗಾಗುತ್ತದೆ.

ಚೀಸು ದಿನಕ್ಕೆ ಎರಡು ಗ್ರಾಮಿನಂತೆ ಒಣಗುತ್ತಿದೆ, ಅಷ್ಟೇ. ಕಳ್ಳ ಹೆದರಿದ್ದಾನೆ.

ಮಾರ್ಚ್ 22, ಸೋಮವಾರ

ಕಳ್ಳನ ಹೆದರಿಕೆ ಹೋಗಿದೆ. ನಿನ್ನೆ ನಾನು ನಡೆಯಲು ಹೋಗುವ ಮುಂಚೆ ಚೀಸು ತೊಂಬತ್ತೆಂಟು, ಬಂದ ಮೇಲೆ ಐವತ್ತಾರು. ಇಷ್ಟು ಯಾವ ಚೀಸೂ ಅರ್ಧ ಗಂಟೆಯಲ್ಲಿ ಒಣಗುವುದಿಲ್ಲ. ಅಂದರೆ ಕೆಲಸ ನಡೆಯುವುದು ನಾಲ್ಕರಿಂದ ನಾಲ್ಕೂವರೆಯೊಳಗೆ. ಪುಣ್ಯಕ್ಕೆ ಮಗಳು ಈ ಭಾನುವಾರ ಶಾಲೆಯ ಪಂದ್ಯಕ್ಕೆ ಹೋಗಿದ್ದಳು.

ಮೂರನೇ ಪುಸ್ತಕ ಮುಗಿಯಿತು. ಬೇಕರಿಯ ಬ್ರೆಡ್ ಕದಿಯುತ್ತಿದ್ದವಳು ಬೇಕರಿಯವನ ತಾಯಿಯೇ. ಮಗ ಕಟ್ಟುನಿಟ್ಟು, ಅವಳಿಗೆ ಕೇಳಲು ನಾಚಿಕೆ. ಇಟಲಿಯವನು ಎಲ್ಲ ಪತ್ತೆ ಮಾಡಿ ದೂರಿನ ಕಾಗದ ಹರಿದು ಕಿಸೆಗೆ ಹಾಕಿಕೊಂಡು ಊಟಕ್ಕೆ ಹೋಗುತ್ತಾನೆ. ನನಗೆ ಇದು ಒಪ್ಪಿಗೆಯಾಗಲಿಲ್ಲ. ಪತ್ತೆ ಮಾಡಿದ ಮೇಲೆ ವರದಿ ಬರೆಯುವುದು ಕರ್ತವ್ಯ. ಲೈಬ್ರರಿಯಮ್ಮನಿಗೂ ಹೇಳಿದೆ. ಅವರು ನಾಲ್ಕನೆಯದನ್ನು ಕೊಟ್ಟು, ಇನ್ನೂ ಓದಿ ಸರ್ ಎಂದರು.

ಮಾರ್ಚ್ 23, ಮಂಗಳವಾರ

ನಾಲ್ಕಕ್ಕೆ ಎಂದಿನಂತೆ ಹೊರಟೆ. ಬೀದಿ ತುದಿಯಲ್ಲಿ ಭಾವಮೈದುನ ಅಂಗಡಿಯಲ್ಲಿ ಕೂತು ಬೀಗವೊಂದನ್ನು ಬಿಚ್ಚುತ್ತಿದ್ದ. ಅವನು ಅಲ್ಲೇ ಇರುವುದನ್ನು ಎರಡು ಸಲ ಖಾತ್ರಿ ಮಾಡಿಕೊಂಡೆ. ಆಮೇಲೆ ಹಿಂದಿನ ಓಣಿಯಿಂದ ಸುತ್ತಿ ಬಂದು ಅಡುಗೆಮನೆಯ ಕಿಟಕಿಯ ಪಕ್ಕ ನಿಂತೆ.

ಹೆಂಡತಿ ಬಾಗಿಲ ಹಿಂದೆ, ಮೂಲೆಯಲ್ಲಿ, ಮೋಟು ಸ್ಟೂಲಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಬ್ರೆಡ್ಡು, ಅದರ ಮೇಲೆ ಬೆಣ್ಣೆ, ಅದರ ಮೇಲೆ ಚೀಸು. ತಟ್ಟೆ ಕೂಡ ಇರಲಿಲ್ಲ, ಸದ್ದಾಗುತ್ತದೆ ಎಂದೋ ಏನೋ. ಬೇಗ ಬೇಗ ತಿನ್ನುತ್ತಿದ್ದಳು, ಸರಿಯಾಗಿ ಅಗಿಯುತ್ತಲೂ ಇರಲಿಲ್ಲ. ಎರಡು ತುತ್ತಿಗೊಮ್ಮೆ ಬಾಗಿಲ ಕಡೆ ಕಿವಿ ಕೊಡುತ್ತಿದ್ದಳು. ಬೆರಳಿಗೆ ಅಂಟಿದ ಬೆಣ್ಣೆ ನೆಕ್ಕುವಾಗ ಉಂಗುರ ಕಾಣಿಸಿತು. ಜಾರಿ ಬೀಳದಿರಲಿ ಎಂದು ಅದಕ್ಕೆ ಬಿಳಿ ದಾರ ಸುತ್ತಿದ್ದಾಳೆ. ಯಾವಾಗ ಸುತ್ತಿಕೊಂಡಳೋ. ದಿನಾ ಮೂರು ಹೊತ್ತು ಅದೇ ಕೈ ನನಗೆ ಬಡಿಸುತ್ತದೆ.

ಕಳ್ಳ ಸಿಕ್ಕಾಗ ಆಗಬೇಕಾದ ಖುಷಿ ಆಗಲಿಲ್ಲ. ನಾಚಿಕೆಯಾಯಿತು. ಕಾಯಿಲೆ ನನ್ನ ಎದೆಗೆ, ಹಸಿವು ಅವಳಿಗೆ. ನನ್ನ ಕಣ್ಣೆದುರು ಯಾರೂ ಮುಟ್ಟಕೂಡದು ಎಂದು ಕೂಗಿದವನು ನಾನೇ. ಆ ದಿನದ ಪುಟ ತೆಗೆದು ಓದಿದೆ, ಸರಿ ಎನಿಸಿತು ಎಂದು ಬೇರೆ ಬರೆದಿದ್ದೇನೆ.

ಕಿಟಕಿಯಿಂದ ಮೆಲ್ಲಗೆ ಹಿಂದೆ ಸರಿದು ಇನ್ನೊಂದು ಸುತ್ತು ನಡೆದೆ, ಅವಳು ಮುಗಿಸಲಿ ಎಂದು.

ಸಂಜೆ ಚೀಸು ತೂಗಲಿಲ್ಲ. ತಕ್ಕಡಿಯ ಬ್ಯಾಟರಿ ಮುಗಿದಿದೆ ಎಂದೆ. ಮುಗಿದಿರಲಿಲ್ಲ.

ಮಾರ್ಚ್ 24, ಬುಧವಾರ

ಇವತ್ತು ಒಂದು ಗಂಟೆ ನಡೆದೆ. ವಾಪಸ್ಸು ಬರುವಾಗ ಗೇಟನ್ನು ಜೋರಾಗಿ ಬಡಿದು, ಮೆಟ್ಟಿಲ ಮೇಲೆ ಎರಡು ಸಲ ಕೆಮ್ಮಿ, ಚಪ್ಪಲಿ ಕೊಡವಿ ಒಳಗೆ ಹೋದೆ. ಹೆಂಡತಿ ಒಲೆ ಒರೆಸುತ್ತಿದ್ದಳು. ಗದ್ದದ ಮೇಲೆ ಬ್ರೆಡ್ಡಿನ ಪುಡಿ ಇತ್ತು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಮಾರ್ಚ್ 26, ಶುಕ್ರವಾರ

ಆಫೀಸಿನಿಂದ ಯಂತ್ರದ ಪರೀಕ್ಷಾ ವರದಿ ಬಂತು. ಐವತ್ತು ಗ್ರಾಮಿನಷ್ಟೂ ವ್ಯತ್ಯಾಸವಿಲ್ಲ, ಕೆಂಪು ಚೀಟಿ ಯಾಕೆ ಎಂದು ಕೇಳಿದ್ದಾರೆ. ತಪ್ಪು ಯಂತ್ರದ್ದಲ್ಲ, ಚೀಟಿ ಅಂಟಿಸಿದ ನನ್ನದು ಎಂದು ಬರೆದು ಕಳಿಸಿದೆ. ಇಲಾಖೆಗೆ ಇಂಥ ವಾಕ್ಯ ನಾನು ಬರೆದದ್ದು ಇದೇ ಮೊದಲು.

ಬೆಳಿಗ್ಗೆ ಡಾಕ್ಟರ ಬಳಿ ರಕ್ತ ಕೊಟ್ಟು ಬಂದೆ. ಎಷ್ಟು ನಡೆಯುತ್ತೀರಿ ಎಂದು ಕೇಳಿದರು. ಒಂದು ಗಂಟೆ ಹತ್ತು ನಿಮಿಷ ಎಂದೆ. ಅಷ್ಟು ಯಾಕೆ ಎಂದರು. ಮನೆಯಲ್ಲಿ ಕೆಲಸ ಇರುತ್ತದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೆ ಮೆಚ್ಚಿಕೊಂಡರು.

ಊಟಕ್ಕೆ ಕೂತಾಗ, ನಿನಗೆ ಈ ಊಟ ಸಾಲುತ್ತದೆಯೇ ಎಂದು ಅವಳನ್ನು ಕೇಳೋಣ ಎಂದುಕೊಂಡೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ, ಆ ಪ್ರಶ್ನೆ ಬಾಯಿಗೆ ರೂಢಿಯಿಲ್ಲ. ತರಕಾರಿ ಚೆನ್ನಾಗಿ ಬೆಂದಿದೆ ಎಂದು ಮಾತ್ರ ಹೇಳಿದೆ. ಅವಳು ಜ್ವರವಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಮಾರ್ಚ್ 28, ಭಾನುವಾರ

ಮಗಳು ಹತ್ತಕ್ಕೆ ಬಂದವಳು ನೇರವಾಗಿ ಕಪಾಟಿಗೆ ಹೋದಳು. ಚೀಸು ಇರುವ ಜಾಗದಲ್ಲಿ ಬರೀ ಕಾಗದ. ಗೋಡಂಬಿ ಡಬ್ಬದಲ್ಲಿ ಒಂದೇ ಒಂದು ಉಳಿದಿತ್ತು. ಪೂರ್ತಿ ಮುಗಿಸಲು ಅವಳ ಮನಸ್ಸು ಒಪ್ಪಿಲ್ಲ, ಪಾಪ.

ಮತ್ತೆ ಮೂವರೂ ಸಾಲಾಗಿ ನಿಂತೆವು. ಮಗಳು ಈ ಸಲ ಭಾವಮೈದುನನಿಂದ ಶುರು ಮಾಡಿದಳು. ಅವನು ಬೀಗ ಹಾಕಿದವನೇ ಬೀಗ ಮುರಿದ ಎನ್ನುವ ಮಾತು ಬಂದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಕೆಂಪಾದ. ನಾನು ಹೆಂಡತಿಯ ಮುಖ ನೋಡಿದೆ. ಬಟ್ಟೆ ಹಿಂಡುವ ಹಾಗೆ ಕೈಗಳನ್ನು ಹಿಂಡುತ್ತಿದ್ದಳು. ಬಾಯಿ ತೆರೆದಳು. ಅದರಿಂದ ಮಾತು ಬರುವ ಮುಂಚೆ ನಾನು ಹೇಳಿಬಿಟ್ಟೆ:

"ನಾನೇ ತಿಂದಿದ್ದು. ಇಬ್ರನ್ನೂ ಬಿಡು."

ಕೀ ಎಲ್ಲಿಂದ ಬಂತು ಎಂದು ಮಗಳು ಕೇಳಿದಳು. ನಿಮ್ಮಮ್ಮ ಮಲಗಿದಾಗ ಪರ್ಸಿನಿಂದ ಎಂದೆ. ಎರಡು ವಾರ ತೂಗುವ ನಾಟಕ ಯಾಕೆ ಆಡಿದಿರಿ ಎಂದಳು. ಕಣ್ಣಿಗೆ ಮಣ್ಣೆರಚಲು ಎಂದೆ. ಪತ್ತೇದಾರಿ ಓದಿದ್ದು ಉಪಯೋಗಕ್ಕೆ ಬಂತು, ಸುಳ್ಳು ಸಲೀಸಾಗಿ ಬಂತು. ಮೂವತ್ತೊಂದು ವರ್ಷ ಕಾಪಾಡಿಕೊಂಡ ಹೆಸರು ಅರ್ಧ ನಿಮಿಷದಲ್ಲಿ ಹೋಯಿತು. ಭಾವಮೈದುನ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಬುಧವಾರ ರಕ್ತದ ರಿಪೋರ್ಟ್ ತರುತ್ತಾಳಂತೆ, ಅವತ್ತೇ ನನ್ನನ್ನು ಕರೆದುಕೊಂಡು ಹೋಗುತ್ತಾಳಂತೆ. ಮೂರು ತಿಂಗಳು. ಐದು ಮಹಡಿ. ಸೋರೆಕಾಯಿ.

ಹೆಂಡತಿ ದಿನವಿಡೀ ನನ್ನ ಕಡೆ ತಿರುಗದೆ ಕೆಲಸ ಮಾಡಿದಳು.

ಮಾರ್ಚ್ 31, ಬುಧವಾರ

ಬ್ಯಾಗಿನಲ್ಲಿ ನಾಲ್ಕು ಶರ್ಟು, ಔಷಧಿ, ಹಿತ್ತಾಳೆ ಬೊಟ್ಟಿನ ಪೆಟ್ಟಿಗೆ, ಲೈಬ್ರರಿಯಮ್ಮ ನಿಯಮ ಮೀರಿ ಒಟ್ಟಿಗೇ ಕೊಟ್ಟ ಮೂರು ಪುಸ್ತಕ. ಬಾಗಿಲ ಬಳಿ ಇಟ್ಟುಕೊಂಡು ಕೂತಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಮಗಳು ಶಾಲೆಯಿಂದ ನೇರ ಬಂದಳು, ಇವತ್ತು ನಿಜವಾಗಿಯೂ ಕೊರಳಲ್ಲಿ ಸೀಟಿ ಇತ್ತು. ಭಾವಮೈದುನನೂ ಬೀಳ್ಕೊಡಲು ಬಂದಿದ್ದ.

ಅವಳು ನಿಂತುಕೊಂಡೇ ರಿಪೋರ್ಟಿನ ಲಕೋಟೆ ಒಡೆದಳು. ಓದಿದಳು. ಹೆಸರು ನೋಡಿದಳು. ಮತ್ತೆ ಓದಿ ಕುರ್ಚಿ ಎಳೆದುಕೊಂಡು ಕೂತಳು. ನನ್ನ ಕೆಟ್ಟ ಕೊಬ್ಬು ಅರ್ಧಕ್ಕಿಂತ ಕೆಳಗೆ ಇಳಿದಿದೆಯಂತೆ. ಇಷ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡಿದವರನ್ನು ನೋಡಿಲ್ಲ ಎಂದು ಡಾಕ್ಟರು ಕೆಳಗೆ ಕೈಯಲ್ಲಿ ಬರೆದಿದ್ದಾರಂತೆ.

"ಅಪ್ಪ, ಕಾಲು ಕೆಜಿ ಚೀಸು, ಒಂದು ಡಬ್ಬ ಗೋಡಂಬಿ ತಿಂದವ್ರಿಗೆ ಈ ರಿಪೋರ್ಟ್ ಹೇಗೆ ಬರುತ್ತೆ?"

ಲ್ಯಾಬಿನ ಯಂತ್ರ ಕೆಟ್ಟಿರಬೇಕು ಎಂದೆ. ಒಂದೇ ತಿಂಗಳಲ್ಲಿ ಸರಿಯಾದ ಯಂತ್ರದ ಮೇಲೆ ಇದು ನನ್ನ ಎರಡನೇ ಸುಳ್ಳು ದೂರು. ಮೊದಲನೆಯದು ಗೊತ್ತಿಲ್ಲದೆ ಮಾಡಿದ್ದು.

ಹೆಂಡತಿ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟು ನನ್ನ ಮುಂದೆ ಬಂದು ನಿಂತಳು.

"ಗೇಟು ಯಾಕೆ ಅಷ್ಟು ಜೋರಾಗಿ ಬಡೀತಿದ್ರಿ ಅಂತ ಈಗ ಗೊತ್ತಾಯ್ತು," ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ನಾನೇ ಕಣೇ ತಿಂದಿದ್ದು. ಹಸಿವಾಗ್ತಿತ್ತು. ಹೇಳೋಕೆ ನಾಚಿಕೆಯಾಯ್ತು," ಎಂದಳು. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು, ಅಳುತ್ತಲೇ ನಗು ಬಂತು.

ಮಗಳಿಗೆ ಯಾರಿಗೆ ಸೀಟಿ ಊದಬೇಕೆಂದು ತಿಳಿಯಲಿಲ್ಲ. ಅಮ್ಮನ ಉಂಗುರದ ದಾರ ಮುಟ್ಟಿ ಮುಟ್ಟಿ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ನನ್ನ ಬ್ಯಾಗನ್ನು ಕೋಣೆಗೆ ಒಯ್ದಿಟ್ಟು ಶಾಲೆಗೆ ಹೊರಟಳು. ಹೋಗುವಾಗ ಕಪಾಟಿನ ಬೀಗ ತೆಗೆದುಕೊಂಡು ಹೋದಳು. ಭಾವಮೈದುನ ಮಾತ್ರ ಮೂರು ಗ್ರಾಮಿನ ಬಗ್ಗೆ ಗಿರಾಕಿಗಳ ಎದುರೇ ಕ್ಷಮೆ ಕೇಳಬೇಕು ಎಂದು ಪಟ್ಟು ಹಿಡಿದಿದ್ದಾನೆ. ನಾಳೆ ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದೇನೆ. ಹೊಸ ಚೀಸು ತಂದುಕೊಟ್ಟು ತಾನೂ ಅಂಗಡಿಗೆ ಹೋದ.

ಮನೆಯಲ್ಲಿ ನಾವಿಬ್ಬರೇ ಉಳಿದೆವು. ಚೀಸನ್ನು ಮೇಜಿಗೆ ತಾ, ಇಲ್ಲೇ ಕೂತು ತಿನ್ನು ಎಂದೆ. ನಿಮ್ಮೆದುರು ಬೇಡ ಎಂದಳು. ನನ್ನ ಊಟ ನನಗಿದೆ ಎಂದು ಐದನೇ ಪುಸ್ತಕ ತೆಗೆದೆ. ಇಟಲಿಯವನು ಮಳೆಯಲ್ಲಿ ನೆನೆದು ಮನೆಗೆ ಬರುತ್ತಾನೆ, ಅತ್ತೆ ಟವೆಲ್ಲನ್ನು ಅವನ ತಲೆಯ ಮೇಲೆ ಎಸೆದು ಮೀನಿನ ಸಾರಿನ ಪಾತ್ರೆ ತಂದಿಡುತ್ತಾಳೆ. ಗಟ್ಟಿಯಾಗಿ ಓದಿದೆ. ಹೆಂಡತಿ ಬೆಣ್ಣೆ ಬಳಿದಳು, ಮೂಲೆ ಮೂಲೆಗೂ. ಚೀಸು ಇಟ್ಟಳು. ನಿಧಾನವಾಗಿ, ಅಗಿದು ತಿಂದಳು. ಆ ಅತ್ತೆ ಸಾರಿಗೆ ಏನೇನು ಹಾಕುತ್ತಾಳೆ, ಇನ್ನೊಮ್ಮೆ ಓದಿ ಎಂದಳು. ಓದಿದೆ. ಹೆಣ ಇನ್ನೂ ಬಂದರಿನಲ್ಲೇ ಬಿದ್ದಿತ್ತು, ನಾವಿಬ್ಬರೂ ಅದರ ಗೊಡವೆಗೆ ಹೋಗಲಿಲ್ಲ.

ಆಮೇಲೆ ಎದ್ದು ನನ್ನ ಬ್ರೆಡ್ಡನ್ನು ತಕ್ಕಡಿಯಲ್ಲಿಟ್ಟಳು. ಸರಿಯಾಗಿ ಅರವತ್ತು. ತಟ್ಟೆಗೆ ಹಾಕಿ ನನ್ನ ಮುಂದಿಟ್ಟಳು. ತನ್ನ ಚೀಸಿನಿಂದ ಉಗುರಿನಷ್ಟು ಮುರಿದು ಅದರ ಪಕ್ಕದಲ್ಲಿಟ್ಟಳು.

"ಕೊಸರು," ಎಂದಳು.

ಡಾಕ್ಟರಿಗೆ ತೋರಿಸುವ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದೇನೆ. ಮಧ್ಯಾಹ್ನ: ಬ್ರೆಡ್ ಅರವತ್ತು ಗ್ರಾಂ, ತರಕಾರಿ ಇನ್ನೂರು ಗ್ರಾಂ. ಕೊಸರು: ತೂಗಿಲ್ಲ.